ಅಳಿಸದೆ ಉಳಿದ ಕೊಕ್ಕರೆಯ ಕಣ್ಣು

"ನನ್ನ ಅಳಿಯ ದಡ್ಡ ಕಣಮ್ಮಾ. ಮದುವೆ ದಿನದಿಂದ ಈ ಮಾತನ್ನ ನಾನೇ ಊರಿಗೆಲ್ಲ ಹೇಳ್ಕೊಂಡು ಬಂದಿದೀನಿ. ಆದ್ರೆ ಮಗು ಮೇಲೆ ಕೈ ಮಾಡೋನಲ್ಲ. ಜಿರಳೆ ಕಂಡ್ರೆ ಸ್ಟೂಲ್ ಹತ್ತೋ ಗಂಡಸು, ಅವನು ಯಾರನ್ನ ಹೊಡೀತಾನೆ ಹೇಳಿ!"

ಹೀಗೆನ್ನುತ್ತ ಆ ಹೆಂಗಸು ನಮ್ಮ ಅಡುಗೆಮನೆಯ ಹೊಸ್ತಿಲಲ್ಲೇ ಕುಸಿದು ಕೂತರು. ಅತ್ತಿಗೆ ಒಲೆಯ ಮೇಲಿದ್ದ ಟೀ ಪಾತ್ರೆಯನ್ನು ಕೆಳಗಿಳಿಸಿ, "ಮೊದಲು ಕುರ್ಚಿ ಮೇಲೆ ಕೂತ್ಕೊಳ್ಳಿ. ಅಳಿಯನ್ನ ಬೈಯೋದಕ್ಕೂ ಸ್ವಲ್ಪ ಶಕ್ತಿ ಬೇಕಾಗತ್ತೆ," ಎಂದರು.

ಅತ್ತಿಗೆ ಎಂದರೆ ನನ್ನ ದೊಡ್ಡಣ್ಣನ ಹೆಂಡತಿ. ಶಾಲೆಗಳಿಂದ ಬರುವ ದೂರುಗಳ ವಿಚಾರಣೆ ಮಾಡುವುದೇ ಶಿಕ್ಷಣ ಇಲಾಖೆಯಲ್ಲಿ ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೂ ಜನ ಬರುವುದು ನಿಲ್ಲಲಿಲ್ಲ. ಪರೀಕ್ಷೆಗೆ ಮುಂಚೆ ಮಾಯವಾದ ಪ್ರಶ್ನೆಪತ್ರಿಕೆಯಿಂದ ಹಿಡಿದು ಕಳುವಾದ ಶಾಲೆಯ ಗಂಟೆಯವರೆಗೆ ಎಷ್ಟೋ ಗಂಟುಗಳನ್ನು ಅವರು ಬಿಡಿಸಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಅಣ್ಣ ತೀರಿಕೊಂಡ ಮೇಲೆ ಆ ಮನೆಯಲ್ಲಿ ನಾವಿಬ್ಬರೇ. ನನ್ನ ಕೂದಲು ಬೆಳ್ಳಗಾಗತೊಡಗಿದ ಮೇಲೂ ಅವರು ನನ್ನನ್ನು ಕರೆಯುತ್ತಿದ್ದದ್ದು "ಹುಡುಗೀ" ಎಂದೇ.

ಅಡುಗೆಮನೆಯ ಗೋಡೆಗೆ ಅವರು ಕಪ್ಪು ಬಣ್ಣ ಬಳಿದ ಒಂದು ಹಲಗೆಯನ್ನು ತೂಗುಹಾಕಿದ್ದರು. ನಾನು ಅಕ್ಷರ ತಿದ್ದಿದ್ದು ಅದರ ಮೇಲೆಯೇ, ಅದೂ ಬೇರೆಯವರು ಮೊಮ್ಮಕ್ಕಳಿಗೆ ಅಕ್ಷರ ಕಲಿಸುವ ವಯಸ್ಸಿನಲ್ಲಿ. ರಾತ್ರಿ ಶಾಲೆಗೆ ನನ್ನನ್ನು ದಬ್ಬಿದವರು ಅವರೇ. ಕಾಗುಣಿತ ಬರೆದು ಹಲಗೆಯನ್ನು ನಾನು ಗರಗರ ಸುತ್ತಿಸಿ ಒರೆಸಿದರೆ, "ಅದೇನು ಪಾತ್ರೆ ತಿಕ್ತಾ ಇದೀಯಾ? ಮೇಲಿಂದ ಕೆಳಗೆ ಎಳಿ. ಪುಡಿ ನೇರ ಕೆಳಗೆ ಬೀಳ್ಬೇಕು, ಮುಂದೆ ಕೂತ ಮಕ್ಕಳ ಮೂಗಿಗಲ್ಲ," ಎನ್ನುತ್ತಿದ್ದರು. ಅವರು ಓದಿದ ಶಿಕ್ಷಕರ ಟ್ರೈನಿಂಗ್ ಕಾಲೇಜಿನಲ್ಲಿ ಹಾಗೆ ಕಲಿಸಿದ್ದರಂತೆ. ಆ ಕಾಲೇಜು ಮುಚ್ಚಿ ಎಷ್ಟೋ ಕಾಲವಾಗಿತ್ತು.

"ಇಲ್ಲಿ ಮಕ್ಕಳೆಲ್ಲಿದಾರೆ ಅತ್ತಿಗೆ?" ಎಂದು ನಾನು ಕೇಳಿದರೆ, "ನೀನಿದೀಯಲ್ಲ," ಎನ್ನುತ್ತಿದ್ದರು.

ಟೀ ಕುಡಿದ ಮೇಲೆ ಆ ಹೆಂಗಸು ನಡೆದದ್ದನ್ನು ಹೇಳಿದರು. ಅವರ ಅಳಿಯ ಪೇಟೆಯಾಚೆಯ ಸರ್ಕಾರಿ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಅವರು ಬೋರ್ಡಿನ ಮೇಲೆ ಬರೆದಿದ್ದ ಕೊಕ್ಕರೆಯ ಚಿತ್ರವನ್ನು ಒಬ್ಬಳು ಹುಡುಗಿ ನೋಡಿ ಬರೆಯುತ್ತ ಉಳಿದಳು. ಮೇಷ್ಟ್ರು ಬಣ್ಣದ ಬಟ್ಟಲು ತೊಳೆಯಲು ಹಿತ್ತಲ ಆಚೆ ತುದಿಯ ನಲ್ಲಿಗೆ ಹೋದರು. ಹಿಂತಿರುಗಿದಾಗ ಮಗುವೂ ಇಲ್ಲ, ಬೋರ್ಡಿನ ಮೇಲೆ ಕೊಕ್ಕರೆಯೂ ಇಲ್ಲ. ಮರುದಿನ ನೋಡಿದರೆ ಮಗುವಿನ ಬಲಗೈ ಬೆರಳುಗಳು ಬಾತು ಬದನೆಕಾಯಿಯಾಗಿದ್ದವು. ಡಸ್ಟರಿನ ಮರದ ಅಂಚಿನಿಂದ ಹೊಡೆದ ಗಾಯ ಎಂದು ಡಾಕ್ಟರು ಹೇಳಿದರು. ಯಾರು ಹೊಡೆದರೆಂದು ಮಗು ಬಾಯಿ ಬಿಡಲಿಲ್ಲ. ಪೀಟಿ ಮೇಷ್ಟ್ರು ಇಲಾಖೆಗೆ ಫೋನ್ ಮಾಡಿ ಡ್ರಾಯಿಂಗ್ ಮೇಷ್ಟ್ರ ಹೆಸರು ಹೇಳಿದರು. ಅವರು ಅಂದೇ ಅಮಾನತ್ತಾದರು.

"ಕೆಲಸ ಹೋಗತ್ತೆ ಅಂತ ನಾವೆಲ್ಲ ಅಳ್ತಾ ಇದ್ರೆ ಇವನು ಕೊಕ್ಕರೆ ಹೋಯ್ತು ಅಂತ ಅಳ್ತಾನೆ! ವಾರವಿಡೀ ಊಟ ಬಿಟ್ಟು ಬರೆದಿದ್ನಂತೆ. ಕೆಳಗೆ 'ಅಳಿಸಬೇಡಿ' ಅಂತ ದೊಡ್ಡದಾಗಿ ಬರೆದೂ ಇದ್ನಂತೆ."

"ಹಾಗಾದ್ರೆ ನಿಮ್ಮ ಅಳಿಯ ದಡ್ಡನಲ್ಲ," ಎಂದು ಅತ್ತಿಗೆ ಎದ್ದರು. "ಹುಡುಗೀ, ನನ್ನ ಕೊಡೆ ತಗೋ."

ಬಸ್ಸಿನಲ್ಲಿ ನಾನು ಪೀಟಿ ಮೇಷ್ಟ್ರನ್ನು ಚೆನ್ನಾಗಿ ಬೈದೆ. ಜೊತೆಯಲ್ಲಿ ಕೆಲಸ ಮಾಡುವವನ ಅನ್ನಕ್ಕೆ ಕಲ್ಲು ಹಾಕುವುದೇ ಎಂದೆ. ಅತ್ತಿಗೆ ಕಿಟಕಿಯಾಚೆ ನೋಡುತ್ತಲೇ ಮಾತಾಡಿದರು.

"ಹೊಸ ಕಾನೂನು ಬರೋ ಮುಂಚೆ ಏನಾಗ್ತಿತ್ತು ಗೊತ್ತಾ? ಮಗುಗೆ ಪೆಟ್ಟಾದ್ರೆ ಯಾರೋ ಹೋಗಿ ಹೆಡ್‌ಮೇಷ್ಟ್ರ ಕಿವಿಗೆ ಹಾಕ್ತಿದ್ರು. ಅವರು ಕರೆದು ನಾಲ್ಕು ಮಾತು ಅಂತಿದ್ರು. ಜೋರಾದ್ರೆ ಹೊಡೆದೋನು ರಾಜೀನಾಮೆ ಕೊಟ್ಟು ಇನ್ನೊಂದು ಊರಿನ ಶಾಲೆ ಸೇರ್ತಿದ್ದ. ಅಲ್ಲಿ ಇನ್ನೊಂದು ಮಗು. ಈಗ ಹಾಗಿಲ್ಲ. ಶಾಲೆಯ ನೌಕರ ಯಾರೇ ಆಗ್ಲಿ, ಇನ್ನೊಬ್ಬ ನೌಕರನಿಂದ ಮಗುಗೆ ತೊಂದರೆ ಆಗಿದೆ ಅಂತ ಗೊತ್ತಾದ್ರೆ ತಡ ಮಾಡದೆ ಇಲಾಖೆಗೇ ಹೇಳಬೇಕು. ಮುಚ್ಚಿಟ್ರೆ ಅದೂ ತಪ್ಪೇ. ತಪ್ಪು ಸಾಬೀತಾದ್ರೆ ಎಲ್ಲಿಗೆ ಹೋದ್ರೂ ಆ ದಾಖಲೆ ಅವನ ಬೆನ್ನ ಹಿಂದೆ ಬರತ್ತೆ."

"ಅಂದ್ರೆ ಡ್ರಾಯಿಂಗ್ ಮೇಷ್ಟ್ರು ಇನ್ನು ಯಾವ ಶಾಲೇಲೂ..."

"ಯಾವ ಶಾಲೇಲೂ ಇಲ್ಲ. ಅದಕ್ಕೇ ಹೋಗ್ತಾ ಇರೋದು. ಈ ಕಾನೂನಿಗೋಸ್ಕರ ನಾನೂ ಗುಬ್ಬಿಯೂ ಚಪ್ಪಲಿ ಸವೆಸಿದ್ವಿ. ಅದು ತಪ್ಪು ಮನುಷ್ಯನ ಕತ್ತಿಗೆ ಬಿದ್ರೆ ನನಗೆ ಸಮಾಧಾನ ಇರಲ್ಲ."

ಗುಬ್ಬಿ ಯಾರೆಂದು ಶಾಲೆಯ ಆಫೀಸು ರೂಮಿಗೆ ಹೋದಾಗ ತಿಳಿಯಿತು. ದೊಡ್ಡ ಮೇಜಿನ ಹಿಂದಿನಿಂದ ಪುಟ್ಟ ಆಕೃತಿಯ ಹೆಡ್‌ಮಿಸ್ ಓಡಿಬಂದು, "ಏಣೀ! ಬಾರೇ, ಎಷ್ಟು ದಿನ ಆಯ್ತೇ!" ಎಂದು ಅತ್ತಿಗೆಯ ಸೊಂಟವನ್ನೇ ತಬ್ಬಿದರು. ತಬ್ಬಲು ಅವರಿಗೆ ಎಟುಕಿದ್ದು ಅಷ್ಟೇ. ಟ್ರೈನಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಇಬ್ಬರೂ ಒಂದೇ ಕೋಣೆಯವರು. ಒಂದೇ ಟ್ರಂಕಿನಲ್ಲಿ ಇಬ್ಬರ ಬಟ್ಟೆ ಇಡುತ್ತಿದ್ದರಂತೆ. ನನಗಂತೂ ಇಂಥ ಸ್ನೇಹ ಕಂಡರೆ ಹೊಟ್ಟೆಕಿಚ್ಚೇ. ಹಗಲು ಹೊತ್ತು ಶಾಲೆಗೆ ಹೋದವಳಲ್ಲ ನಾನು. ಶಾಲೆಯ ಕಾರಿಡಾರಿಗೆ ಕಾಲಿಟ್ಟಾಗಲೆಲ್ಲ ಕರೆಯದ ಮನೆಗೆ ಹೋದ ಹಾಗೆ ಸಂಕೋಚವಾಗುತ್ತಿತ್ತು. ಆದರೂ ಆ ಚಾಕ್‌ಪುಡಿಯ ವಾಸನೆಯನ್ನು ಕದ್ದು ಎದೆತುಂಬ ಎಳೆದುಕೊಳ್ಳುತ್ತಿದ್ದೆ.

ಪಕ್ಕದ ಹಾಲಿನಲ್ಲಿ ಮಕ್ಕಳು ಹಾಡು ಅಭ್ಯಾಸ ಮಾಡುತ್ತಿದ್ದರು. "ನನ್ನ ಬೀಳ್ಕೊಡುಗೆಗೆ ಕಣೇ," ಎಂದರು ಹೆಡ್‌ಮಿಸ್. "ತಿಂಗಳ ಕೊನೆಗೆ ನಿವೃತ್ತಿ. ಏನು ಸುಖ? ಹೆಡ್‌ಮಿಸ್ ಆದ ಮೇಲೆ ಚಾಕ್ ಹಿಡಿದಿಲ್ಲ. ಬರೀ ಫೈಲು, ಬರೀ ಸಹಿ. ಮಕ್ಕಳಿಗೆ ನಾನೊಬ್ಬಳು ಟೀಚರ್ ಅಂತಾನೇ ಗೊತ್ತಿಲ್ಲ."

ಅತ್ತಿಗೆ ಬಂದ ವಿಷಯ ಹೇಳಿದರು. ಹೆಡ್‌ಮಿಸ್ ಮುಖ ಸಪ್ಪಗಾಯಿತು. "ಆ ಹುಡುಗ ಕೆಟ್ಟೋನಲ್ಲ. ವಿಚಾರಣೇಲಿ ಏನೂ ಸಿಗಲ್ಲ ನೋಡು, ವಾಪಸ್ ಬಂದೇ ಬರ್ತಾನೆ. ಪೀಟಿ ಮೇಷ್ಟ್ರು ಹೇಳಿದ ತಕ್ಷಣ ಕೋಣೆಗೆ ಬೀಗ ಹಾಕಿಸಿದೆ. ಇಲಾಖೆಯವರು ಬರೋ ತನಕ ಯಾರೂ ಒಳಗೆ ಹೋಗಬಾರದು ಅಂತ ನಿಯಮ." ಆಮೇಲೆ ಡ್ರಾಯರಿನಿಂದ ಕೀ ತೆಗೆದರು. "ನಿನಗೆ ಇಲ್ಲ ಅನ್ನಲಾ? ನೋಡ್ಕೊಂಡು ಬಾ. ಏನನ್ನೂ ಮುಟ್ಟಬೇಡ. ನಾನು ಬರಲ್ಲ, ಫೋನ್ ಬರೋದಿದೆ."

ಡ್ರಾಯಿಂಗ್ ಕೋಣೆ ಕಾರಿಡಾರಿನ ತುದಿಯಲ್ಲಿತ್ತು. ಅದಕ್ಕೆ ಎರಡು ಬಾಗಿಲು: ಒಂದು ಒಳಗಿನ ಕಾರಿಡಾರಿಗೆ, ಇನ್ನೊಂದು ಮೈದಾನಕ್ಕೆ. ಹಿತ್ತಲ ಕಡೆಗೆ ಒಂದು ಕಿಟಕಿ. ಮುಂದಿನ ಬೆಂಚಿನ ಮೇಲೆ ಮಗುವಿನ ಚಿತ್ರ ಹಾಗೇ ಇತ್ತು: ಕೊಕ್ಕರೆಗೆ ಒಂದೇ ರೆಕ್ಕೆ. ಬ್ರಷ್ ನೆಲಕ್ಕೆ ಉರುಳಿ ಅದರ ಬಣ್ಣ ಒಣಗಿತ್ತು.

"ಬೋರ್ಡ್ ನೋಡಿ ಏನು ಕಾಣತ್ತೆ ಹೇಳು," ಎಂದರು ಅತ್ತಿಗೆ. ಇದು ಅವರ ಹಳೆಯ ಅಭ್ಯಾಸ. ನಾನು ಹೇಳಬೇಕು, ಅವರು ಕೇಳಬೇಕು.

"ಯಾರೋ ಒರೆಸಿದಾರೆ. ಆದ್ರೆ ಪೂರ್ತಿ ಇಲ್ಲ. ಮೇಲಿನ ತುದೀಲಿ ಒಂದು ಪಟ್ಟಿ ಹಾಗೇ ಉಳಿದಿದೆ. ಅದರಲ್ಲಿ ಕೊಕ್ಕರೆಯ ಕೊಕ್ಕು, ಒಂದು ಕೆಂಪು ಕಣ್ಣು. ಅಯ್ಯೋ ಅತ್ತಿಗೆ, ಅದು ನಮ್ಮನ್ನೇ ನೋಡ್ತಾ ಇದೆ!"

"ಅದು ನೋಡ್ಲಿ. ನೀನು ಇನ್ನೂ ನೋಡು."

"ಒರೆಸಿದ ಗುರುತು ಉದ್ದುದ್ದ ಗೆರೆಗೆರೆಯಾಗಿದೆ. ಬೋರ್ಡಿನ ಕೆಳಗಿನ ಕಟ್ಟೆ ಮೇಲೆ ಪುಡಿ ಸಾಲಾಗಿ ಬಿದ್ದಿದೆ. ನೆಲದ ಮೇಲೆ ಇಲ್ಲ. ಡಸ್ಟರ್ ಅಲ್ಲೇ ಇದೆ, ಶುಭ್ರವಾಗಿದೆ."

ಅತ್ತಿಗೆ ಕಿಟಕಿಯಿಂದ ತಲೆ ಹೊರಹಾಕಿ ಕೆಳಗೆ ನೋಡಿದರು. ನಾನೂ ನೋಡಿದೆ. ಹೊರಗೋಡೆಯ ಮೇಲೆ ಬಿಳಿ ಬಿಳಿ ಚೌಕದ ಗುರುತುಗಳಿದ್ದವು, ಡಸ್ಟರನ್ನು ಗೋಡೆಗೆ ಬಡಿದು ಪುಡಿ ಕೊಡವಿದ ಹಾಗೆ. ಆಮೇಲೆ ಅವರು ಬೋರ್ಡಿನ ಮುಂದೆ ಬಂದು, ಮುಟ್ಟದೆಯೇ ಆ ಉಳಿದ ಪಟ್ಟಿಯತ್ತ ಕೈಯೆತ್ತಿದರು. ಕೈ ಸುಲಭವಾಗಿ ತಲುಪಿತು. ಹಾಗೆಯೇ ಸ್ವಲ್ಪ ಹೊತ್ತು ನಿಂತು ಕೈ ಇಳಿಸಿದರು. ಅವರ ಮುಖ ನೋಡಿ ನನಗೆ ಗಾಬರಿಯಾಯಿತು. ನೀರು ಬೇಕೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದರು.

ಪೀಟಿ ಮೇಷ್ಟ್ರು ಮೈದಾನದ ಅಂಚಿನಲ್ಲಿ ಒಬ್ಬರೇ ಕೂತಿದ್ದರು. ಅವರೂ ಎತ್ತರದ ಆಳೇ. ಕೊರಳಲ್ಲಿ ಸೀಟಿ, ಕಣ್ಣಲ್ಲಿ ನಿದ್ದೆಗೆಟ್ಟ ಕೆಂಪು.

"ಸ್ಟಾಫ್‌ರೂಮಲ್ಲಿ ಯಾರೂ ಮಾತಾಡ್ಸಲ್ಲ ಮೇಡಂ. ಚಾಡಿಕೋರ ಅಂತಾರೆ. ಇದೇ ಹೆಡ್‌ಮಿಸ್ ನಮ್ಮನ್ನೆಲ್ಲ ಕೂರಿಸ್ಕೊಂಡು ಆ ಕಾನೂನನ್ನ ಸಾಲುಸಾಲು ಓದಿ ಹೇಳಿದ್ರು. ಕಂಡ್ರೆ ಹೇಳಲೇಬೇಕು ಅಂದ್ರು. ಹೇಳಿದೆ. ತಪ್ಪಾ?"

"ನೀವು ಕಂಡದ್ದೇನು? ಮೊದಲಿಂದ ಹೇಳಿ."

"ಮೈದಾನದ ಬಾಗಿಲಿಂದ ಮಗು ಕೈ ಹಿಡ್ಕೊಂಡು ಅಳ್ತಾ ಓಡಿಬಂತು. ಕೂಗಿದೆ, ನಿಲ್ಲಲಿಲ್ಲ. ಗೇಟಿನ ತನಕ ಹಿಂದೇ ಓಡಿದೆ. ವಾಪಸ್ ಬಂದು ನೋಡಿದ್ರೆ ಡ್ರಾಯಿಂಗ್ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ರು. ಕೈಯಲ್ಲಿ ಬಣ್ಣದ ಬಟ್ಟಲು."

"ಬಟ್ಟಲು ಒದ್ದೆ ಇತ್ತಾ?"

"ನೀರು ತೊಟ್ಟಿಕ್ತಾ ಇತ್ತು," ಎಂದವರು ತಮ್ಮ ಮಾತಿಗೆ ತಾವೇ ಬೆಚ್ಚಿದ ಹಾಗೆ ಹಿತ್ತಲ ಕಡೆಗೆ ತಿರುಗಿ ನೋಡಿದರು.

ಹಿತ್ತಲಲ್ಲಿ ಆಯಾ ಸಿಕ್ಕಳು. ಶಾಲೆಯಷ್ಟೇ ಹಳಬಳು, ಹೆಡ್‌ಮಿಸ್ಸಿಗಿಂತಲೂ ಗಿಡ್ಡ. ದಿನಾ ಬೆಳಿಗ್ಗೆ ಎಲ್ಲ ಬೋರ್ಡುಗಳನ್ನು ಒದ್ದೆ ಬಟ್ಟೆಯಿಂದ ಒರೆಸುವುದು ಅವಳ ಕೆಲಸ. ಡ್ರಾಯಿಂಗ್ ಕೋಣೆಯದನ್ನು ಮಾತ್ರ, ಮೇಷ್ಟ್ರು ಬೇಡವೆಂದಿದ್ದರಿಂದ, ಕೊಕ್ಕರೆ ಶುರುವಾದ ದಿನದಿಂದ ಮುಟ್ಟಿರಲಿಲ್ಲವಂತೆ. "ಒಣ ಡಸ್ಟರ್ ನಾನು ಮುಟ್ಟೋದೇ ಇಲ್ಲಮ್ಮ, ಕೆಮ್ಮು ಬರತ್ತೆ," ಎಂದಳು. ಆ ಸಂಜೆ ಎಲ್ಲಿದ್ದಳೆಂದು ಕೇಳಿದಾಗ, "ಇಲ್ಲೇ, ಗಿಡಕ್ಕೆ ನೀರು ಹಾಕ್ತಾ ಇದ್ದೆ. ನಾನೇನೂ ನೋಡ್ಲಿಲ್ಲ, ನಾನೇನೂ ಕೇಳ್ಲಿಲ್ಲ," ಎಂದು, ನಾವು ಕೇಳದಿದ್ದ ಪ್ರಶ್ನೆಗೂ ಉತ್ತರ ಕೊಟ್ಟು ಬಕೆಟ್ ಎತ್ತಿಕೊಂಡು ಹೊರಟುಹೋದಳು.

ಡ್ರಾಯಿಂಗ್ ಮೇಷ್ಟ್ರು ಶಾಲೆಯೊಳಗೆ ಕಾಲಿಡುವಂತಿರಲಿಲ್ಲ. ಗೇಟಿನ ಹೊರಗೆ, ನಮ್ಮ ಮನೆಗೆ ಬಂದಿದ್ದ ಆ ಅತ್ತೆಯ ಪಕ್ಕದಲ್ಲಿ, ಒಣಹಾಕಿದ ಬಟ್ಟೆಯಂತೆ ನಿಂತಿದ್ದರು. ಎತ್ತರವೆಂದರೆ ಯಾವ ಬಾಗಿಲಿಗೂ ತಲೆ ತಗ್ಗಿಸಬೇಕಾದಷ್ಟು. ಅತ್ತಿಗೆ ಅವರನ್ನು ಕೇಳಿದ್ದು ಒಂದೇ ಪ್ರಶ್ನೆ.

"ನೀವು ಡಸ್ಟರ್ ಬಡಿಯೋದು ಎಲ್ಲಿ?"

"ಬಡೀಬೇಕಾ?" ಎಂದರು ಅವರು ಪಾಪ.

"ಡಸ್ಟರೆಲ್ಲಿ ಮುಟ್ತಾನೆ?" ಎಂದರು ಅತ್ತೆ. "ಅಂಗೈಯಲ್ಲಿ ಒರೆಸ್ತಾನೆ, ಸಾಲದಿದ್ರೆ ತೋಳಲ್ಲಿ. ಆ ಶರ್ಟ್ ಒಗೆದು ಒಗೆದು ನನ್ನ ಮಗಳ ಕೈ ಕಾಮನಬಿಲ್ಲಾಗಿದೆ!"

ಅಲ್ಲಿಂದ ಮಗುವಿನ ಮನೆಗೆ ಹೋದೆವು. ಪುಟ್ಟಿ ಅಜ್ಜಿಯ ಮಗ್ಗುಲಲ್ಲಿ ಕೂತಿದ್ದಳು, ಕೈಗೆ ದಪ್ಪ ಬ್ಯಾಂಡೇಜು. ಶಾಲೆಯಿಂದ ಎಲ್ಲರೂ ಬಂದು ನೋಡಿಕೊಂಡು ಹೋದರೆಂದು ಅಜ್ಜಿ ಹೇಳಿದರು: ಹೆಡ್‌ಮಿಸ್, ಪೀಟಿ ಮೇಷ್ಟ್ರು, ಆಯಾ. ಡ್ರಾಯಿಂಗ್ ಮೇಷ್ಟ್ರು ಕೂಡ ಬೀದಿಯ ತಿರುವಿನವರೆಗೆ ಬಂದು, ಧೈರ್ಯ ಸಾಲದೆ ಹಿಂತಿರುಗಿದ್ದನ್ನು ಅವರು ಕಿಟಕಿಯಿಂದ ಕಂಡಿದ್ದರು.

ಯಾರು ಹೊಡೆದರೆಂದು ಅತ್ತಿಗೆ ಕೇಳಲೇ ಇಲ್ಲ. "ಇನ್ನೊಂದು ರೆಕ್ಕೆ ಬಾಕಿ ಇತ್ತಲ್ಲ ಪುಟ್ಟಿ?" ಎಂದರು.

"ಹೂಂ. ಅದನ್ನ ಮುಗಿಸಿ ಹೋಗ್ತೀನಿ ಅಂದೆ." ಮಗು ಬ್ಯಾಂಡೇಜನ್ನೇ ನೋಡುತ್ತ ಕೇಳಿತು. "ಅಜ್ಜೀ, ನಾನು ಹೇಳಿದ್ರೆ ಅವರು ಮತ್ತೆ ಅಳ್ತಾರಾ?"

ಅತ್ತದ್ದು ಡ್ರಾಯಿಂಗ್ ಮೇಷ್ಟ್ರೇ ತಾನೆ? ಬಸ್ಸಿನಲ್ಲಿ ಅತ್ತಿಗೆಗೆ ಅದನ್ನೇ ಹೇಳಿದೆ. "ಅಳೋರು ಒಬ್ಬರೇ ಅಲ್ಲ ಹುಡುಗೀ," ಎಂದರು ಅಷ್ಟೇ. ಮನೆ ತಲುಪಿದ ಮೇಲೆ ಬೀರುವಿನಿಂದ ಹಾಸ್ಟೆಲಿನ ಕಾಲದ ಒಂದು ಫೋಟೋ ತೆಗೆದು ತುಂಬ ಹೊತ್ತು ನೋಡಿದರು. ಅದರಲ್ಲಿ ಒಬ್ಬ ಉದ್ದನೆಯ ಹುಡುಗಿ, ಒಬ್ಬ ಗಿಡ್ಡ ಹುಡುಗಿ ಯಾವುದೋ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಮರುದಿನ ಸಂಜೆ ಶಾಲೆ ಬಿಟ್ಟ ಮೇಲೆ ಎಲ್ಲರೂ ಡ್ರಾಯಿಂಗ್ ಕೋಣೆಯಲ್ಲಿ ಸೇರಿದೆವು. ಮಕ್ಕಳ ಬೆಂಚಿನಲ್ಲಿ ದೊಡ್ಡವರೆಲ್ಲ ಮಂಡಿ ಮಡಚಿ ಕೂತರು: ಪೀಟಿ ಮೇಷ್ಟ್ರು, ಆಯಾ, ಪುಟ್ಟಿಯ ಅಜ್ಜಿ, ಹೆಡ್‌ಮಿಸ್ಸಿನ ಅನುಮತಿ ಪಡೆದು ಬಂದ ಡ್ರಾಯಿಂಗ್ ಮೇಷ್ಟ್ರು, ಅವರ ಅತ್ತೆ. ಹೆಡ್‌ಮಿಸ್ ಬಾಗಿಲಲ್ಲೇ ನಿಂತರು. "ಒಳಗೆ ಬಾ," ಎಂದು ಅತ್ತಿಗೆ ಕರೆದ ಮೇಲೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು.

ಅತ್ತಿಗೆ ಬೋರ್ಡಿನ ಪಕ್ಕ ನಿಂತರು. "ಮೊದಲು ಪೀಟಿ ಮೇಷ್ಟ್ರ ವಿಷಯ. ಇಲಾಖೆಗೆ ತಿಳಿಸಿದ್ದು ಸರಿ. ಅವರನ್ನ ಚಾಡಿಕೋರ ಅಂದವರಿಗೆ ನಾಚಿಕೆ ಆಗಬೇಕು." ನಾನು ತಲೆ ತಗ್ಗಿಸಿದೆ. "ಆದ್ರೆ ಮೇಷ್ಟ್ರೇ, ಕಂಡದ್ದನ್ನ ಹೇಳಿ ಅನ್ನತ್ತೆ ಕಾನೂನು. ನೀವು ಕಂಡದ್ದು ಅಳೋ ಮಗುವನ್ನ. ಹೊಡೆದದ್ದು ಇವರು ಅನ್ನೋದು ನಿಮ್ಮ ಊಹೆ. ನೀವು ಕಂಡ ಬಟ್ಟಲಿಂದ ನೀರು ತೊಟ್ಟಿಕ್ತಾ ಇತ್ತು. ಅಂದ್ರೆ ಇವರು ಆಗಷ್ಟೇ ನಲ್ಲಿಯಿಂದ ಬಂದಿದ್ರು. ನೀವು ಗೇಟಿಗೆ ಹೋಗಿ ಬರೋ ಹೊತ್ತಲ್ಲಿ ಒಳಗಿದ್ದ ಮನುಷ್ಯ ಕಾರಿಡಾರಿನ ಬಾಗಿಲಿಂದ ಹೋಗಿದ್ದಾಯ್ತು."

"ಯಾರದು?" ಎಂದರು ಅಜ್ಜಿ.

"ಬೋರ್ಡ್ ಹೇಳತ್ತೆ. ಮಗುಗೆ ಪೆಟ್ಟಾದ ಮೇಲೆ ಆ ಮನುಷ್ಯ ಓಡಿಹೋಗಲಿಲ್ಲ. ಕೈಯಲ್ಲಿದ್ದ ಡಸ್ಟರಿಂದ ಬೋರ್ಡ್ ಒರೆಸಿದ್ರು. ಏನು ಲಾಭ ಅದರಿಂದ? ಏನೂ ಇಲ್ಲ. ಇಂಥ ಕೆಲಸ ಮಾಡೋದು ಕೈ, ತಲೆಯಲ್ಲ. ಪಾಠ ಮುಗಿದ ಮೇಲೆ ಬೋರ್ಡ್ ಒರೆಸಿ ಹೊರಗೆ ಹೋಗೋ ಅಭ್ಯಾಸ ಇರೋ ಕೈ. ಅಂದ್ರೆ ಟೀಚರ್ ಕೈ. ಆದ್ರೆ ಡ್ರಾಯಿಂಗ್ ಮೇಷ್ಟ್ರದ್ದಲ್ಲ. ತಾನು ವಾರವೆಲ್ಲ ಬರೆದ ಕೊಕ್ಕರೆಯನ್ನ ಅವರು ಯಾಕೆ ಒರೆಸ್ತಾರೆ? ಒರೆಸಿದ್ರೂ ಅಂಗೈಯಲ್ಲಿ ಒರೆಸ್ತಿದ್ರು. ಅದೂ ಅಲ್ಲದೆ, ಮೇಲಿನ ತುದಿಯ ಪಟ್ಟಿ ಉಳಿದಿದೆ. ಒರೆಸಿದವರಿಗೆ ಅಲ್ಲಿಗೆ ಎಟುಕಲಿಲ್ಲ. ಈ ಇಬ್ಬರು ಮೇಷ್ಟ್ರುಗಳೂ ಸುಮ್ಮನೆ ಕೈ ಎತ್ತಿದ್ರೆ ಸಾಕು, ಅದನ್ನ ಮುಟ್ತಾರೆ."

"ಹಾಗಾದ್ರೆ ಈ ಆಯಾ ಗಿಡ್ಡ ಇದಾಳಲ್ಲ!" ಎಂದರು ಅತ್ತೆ.

ಆಯಾ ಬೆಂಚಿನಿಂದ ಎದ್ದೇಬಿಟ್ಟಳು. ಅತ್ತಿಗೆ ಕೂರುವಂತೆ ಸನ್ನೆ ಮಾಡಿದರು. "ಅವಳು ಒಣ ಡಸ್ಟರ್ ಮುಟ್ಟಲ್ಲ. ಒದ್ದೆ ಬಟ್ಟೆಯಾಗಿದ್ರೆ ಈ ಪುಡಿಯ ಸಾಲು ಇರ್ತಿರಲಿಲ್ಲ. ಪುಟ್ಟಿಗಂತೂ ಇಷ್ಟು ಎತ್ತರವೂ ಎಟುಕಲ್ಲ, ಕೈಯೂ ಜಜ್ಜಿತ್ತು. ಇನ್ನು ಈ ಗೆರೆ ನೋಡಿ. ಮೇಲಿಂದ ಕೆಳಗೆ, ಒಂದರ ಪಕ್ಕ ಒಂದು. ಪುಡಿ ನೇರ ಕಟ್ಟೆ ಮೇಲೆ. ಆಮೇಲೆ ಡಸ್ಟರನ್ನ ಕಿಟಕಿಯಾಚೆ ಬಡಿದಿದಾರೆ, ಮುಂದಿನ ಟೀಚರಿಗೆ ಶುಭ್ರ ಡಸ್ಟರ್ ಸಿಗ್ಲಿ ಅಂತ. ಈಗಿನ ಟೀಚರುಗಳು ಅಡ್ಡಡ್ಡ ಒರೆಸ್ತಾರೆ, ತಪ್ಪೇನಿಲ್ಲ. ಹೀಗೆ ಕಲಿಸ್ತಿದ್ದದ್ದು ಮುಚ್ಚಿಹೋದ ಒಂದು ಕಾಲೇಜಲ್ಲಿ. ಅಲ್ಲಿ ಓದಿದವರು ಈ ಕೋಣೆಯಲ್ಲಿ ಇಬ್ಬರೇ."

ನನಗೆ ನಮ್ಮ ಅಡುಗೆಮನೆಯ ಹಲಗೆ ಕಣ್ಣಿಗೆ ಕಟ್ಟಿತು. ದಿನಾ ನೋಡಿದ್ದನ್ನು ಇಲ್ಲಿ ಗುರುತಿಸಲಾಗಲಿಲ್ಲವಲ್ಲ ಎಂದುಕೊಂಡೆ.

ಅತ್ತಿಗೆಯ ದನಿ ಇಳಿಯಿತು. "ಅಲ್ಲಿ ಇಬ್ಬರು ಹುಡುಗಿಯರು ಬೋರ್ಡ್ ಒರೆಸೋ ಸರದಿ ಬಂದಾಗ ಕೆಲಸ ಹಂಚ್ಕೊಳ್ತಿದ್ರು. ಗುಬ್ಬಿ ಕೆಳಗಿನದನ್ನ ಒರೆಸ್ತಿದ್ಲು. ಮೇಲಿನ ಪಟ್ಟಿ ಯಾವಾಗ್ಲೂ ಏಣಿಗೆ. ನಿನ್ನೆ ಈ ಬೋರ್ಡ್ ಮುಂದೆ ನಿಂತಾಗ ನನ್ನ ಪಾಲಿನ ಪಟ್ಟಿ ನನಗೋಸ್ಕರ ಬಿಟ್ಟಿರೋದು ಕಾಣ್ತು ಕಣೇ."

ಹಿಂದಿನ ಬೆಂಚಿನಿಂದ ಹೆಡ್‌ಮಿಸ್ ಎದ್ದು ನಿಂತರು. ಎದ್ದರೂ ಕೂತವರಿಗಿಂತ ಹೆಚ್ಚು ಎತ್ತರವಾಗಲಿಲ್ಲ.

"ಅಮ್ಮಾವ್ರೇ, ಬೇಡಿ!" ಎಂದಳು ಆಯಾ. ಅವಳ ಕಣ್ಣು ಹರಿಯುತ್ತಿತ್ತು. "ಕಿಟಕಿಯಿಂದ ಡಸ್ಟರ್ ಬಡಿದದ್ದನ್ನ ನಾನು ನೋಡಿದೆ. ನನ್ನ ಮಗಳಿಗೆ ಅಕ್ಷರ ಕೊಟ್ಟ ಕೈ ಅದು. ನಾನು ಹೇಗೆ ಹೇಳ್ಲಿ?"

"ನೀನು ಹೇಳಬೇಕಿತ್ತು," ಎಂದರು ಹೆಡ್‌ಮಿಸ್ ಮೆಲ್ಲಗೆ. "ನಿನಗೂ ನಾನೇ ಓದಿ ಹೇಳಿದ್ದೆನಲ್ಲ." ಆಮೇಲೆ ಅಜ್ಜಿಯ ಕಡೆಗೆ ತಿರುಗಿದರು. "ಬಾಗಿಲು ಹಾಕಬೇಕು, ಮನೆಗೆ ಹೋಗು ಅಂದೆ. ಒಂದು ರೆಕ್ಕೆ ಬಾಕಿ ಇದೆ ಅಂತು. ಮತ್ತೆ ಹೇಳಿದೆ. 'ನೀವು ಟೀಚರ್ ಅಲ್ವಲ್ಲ, ನಿಮಗೆ ಗೊತ್ತಾಗಲ್ಲ' ಅಂತು. ಮಗುವಿನ ಮಾತು, ನಕ್ಕು ಬಿಡಬೇಕಾದ್ದು. ಬೆಂಚಿಗೆ ಹೊಡೆಯೋಕೆ ಹೋದೆ, ಕೈ ಅಡ್ಡ ಬಂತು ಅಂತ ಹೇಳಬಹುದು. ನನಗೆ ನಾನೇ ಹಾಗೆ ಹೇಳ್ಕೊಂಡು ನೋಡಿದೆ. ಇಲ್ಲ ತಾಯೀ. ಕೈಗೇ ಹೊಡೆದೆ. ಮಗು ಓಡಿತು. ಆಮೇಲೆ ಈ ಕೈಗೆ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. ಡಸ್ಟರ್ ಕೈಯಲ್ಲೇ ಇತ್ತು. ಒರೆಸಿದೆ."

ಅಜ್ಜಿ ಬ್ಯಾಗಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದು ಬೆಂಚಿನ ಮೇಲಿಟ್ಟು ಹೆಡ್‌ಮಿಸ್ ಕಡೆಗೆ ಮೆಲ್ಲಗೆ ತಳ್ಳಿದರು. ಅವತ್ತು ಮಗುವನ್ನು ನೋಡಲು ಬಂದು, ಅತ್ತು, ಹೆಡ್‌ಮಿಸ್ ಕೊಟ್ಟುಹೋದ ಡಬ್ಬಿ. ಮುಚ್ಚಳ ಕೂಡ ತೆಗೆದಿರಲಿಲ್ಲ.

"ನನ್ನ ಮೇಲೆ ಬಂದಾಗ ಯಾಕೆ ಸುಮ್ಮನಿದ್ರಿ ಮೇಡಂ?" ಎಂದರು ಡ್ರಾಯಿಂಗ್ ಮೇಷ್ಟ್ರು. ಕೋಪಕ್ಕಿಂತ ಅವರ ದನಿಯಲ್ಲಿ ಆಶ್ಚರ್ಯವೇ ಹೆಚ್ಚಾಗಿತ್ತು.

"ಸಾಕ್ಷಿ ಸಿಗಲ್ಲ, ನೀನು ವಾಪಸ್ ಬರ್ತೀಯ, ಅಷ್ಟರಲ್ಲಿ ನಾನು ಹಾಡು ಕೇಳಿ, ಹಾರ ಹಾಕಿಸ್ಕೊಂಡು ಹೋಗಿರ್ತೀನಿ ಅಂದ್ಕೊಂಡೆ. ಹೇಡಿತನ ಕಣಪ್ಪಾ. ಈ ಏಣಿ ಬಂದು ಕೀ ಕೇಳಿದಾಗ ಸಿಕ್ಕಿಬೀಳ್ತೀನಿ ಅಂತ ಗೊತ್ತಾಯ್ತು. ಕೊಟ್ಟುಬಿಟ್ಟೆ. ಜೀವ ಹಗುರ ಆಯ್ತು."

ಅತ್ತಿಗೆ ಹತ್ತಿರ ಹೋಗಿ ಅವರ ಭುಜ ಹಿಡಿದರು. "ನಾನು ನಿವೃತ್ತಳು. ವರದಿ ಮಾಡು ಅಂತ ಕಾನೂನು ನನಗೆ ಹೇಳಲ್ಲ."

"ನನಗೆ ಹೇಳತ್ತೆ," ಎಂದರು ಹೆಡ್‌ಮಿಸ್. "ನಾನಿನ್ನೂ ನೌಕರಿಯಲ್ಲಿದೀನಿ."

ಅವರು ಆಫೀಸು ರೂಮಿಗೆ ನಡೆದರು. ನಾವೆಲ್ಲ ಕಾರಿಡಾರಿನಲ್ಲಿ ನಿಂತೆವು. ಬಾಗಿಲು ಹಾಕಿಕೊಳ್ಳಲಿಲ್ಲ. ಫೋನಿನಲ್ಲಿ ಅವರು ಮಾತಾಡಿದ್ದು ಕಡೆಯ ಬೆಂಚಿನ ಮಗುವಿಗೂ ಕೇಳುವಂಥ, ತರಗತಿಯ ಹಳೆಯ ದನಿಯಲ್ಲಿ.

"ನಮ್ಮ ಶಾಲೆಯಿಂದ ಒಂದು ವರದಿ ಕೊಡಬೇಕಾಗಿದೆ. ಹೌದು, ನೌಕರರ ದುರ್ನಡತೆ. ಈ ಮುಂಚೆ ನಿಮಗೆ ಬಂದ ಹೆಸರು ತಪ್ಪು, ಆ ಮೇಷ್ಟ್ರು ನಿರಪರಾಧಿ. ಇಲ್ಲ, ಕೇಳಿದ್ದಲ್ಲ, ಕಣ್ಣಾರೆ ಕಂಡದ್ದು. ಹೊಡೆದವರ ಹೆಸರಾ? ನಿಧಾನವಾಗಿ ಹೇಳ್ತೀನಿ, ಬರ್ಕೊಳ್ಳಿ." ಆಮೇಲೆ ತಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ, ಮಕ್ಕಳಿಗೆ ಉಕ್ತಲೇಖನ ಕೊಡುವ ಹಾಗೆ, ಹೇಳಿದರು.

ಪೀಟಿ ಮೇಷ್ಟ್ರು ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಗೋಡೆ ನೋಡುತ್ತಿದ್ದರು. ಅಳಿಯನಿಗೆ ಬೈಯಲು ಅತ್ತೆಗೆ ಒಂದು ಮಾತೂ ಸಿಗಲಿಲ್ಲ.

ಬೀಳ್ಕೊಡುಗೆ ನಡೆಯಲಿಲ್ಲ. ಮಕ್ಕಳು ಕಲಿತ ಹಾಡನ್ನು ಯಾರೂ ಹಾಡಲಿಲ್ಲ. ಸುಮ್ಮನಿದ್ದದ್ದಕ್ಕೆ ಆಯಾಳಿಗೂ ಎಚ್ಚರಿಕೆ ಬಂತು. ಡ್ರಾಯಿಂಗ್ ಮೇಷ್ಟ್ರು ಕೆಲಸಕ್ಕೆ ಮರಳಿ, ಉಳಿದಿದ್ದ ಆ ಕಣ್ಣಿನಿಂದಲೇ ಕೊಕ್ಕರೆಯನ್ನು ಮತ್ತೆ ಇಳಿಸಿದರಂತೆ. ಪುಟ್ಟಿಯ ಬೆರಳುಗಳು ನಿಧಾನವಾಗಿ ಮಡಚತೊಡಗಿದವು. ಎರಡನೆಯ ರೆಕ್ಕೆಯನ್ನು ಅವಳು ಎಡಗೈಯಲ್ಲಿ ಬರೆದಳೆಂದು ಕೇಳಿದೆ. ಅದು ಮೊದಲನೆಯದಕ್ಕಿಂತ ದೊಡ್ಡದಾಗಿತ್ತಂತೆ.

ಗುಬ್ಬಿಯಮ್ಮ ಆಮೇಲೆ ನಮ್ಮ ಮನೆಗೆ ಬರತೊಡಗಿದರು. ಮೊದಲ ಸಲ ಬಂದಾಗ ಹೊಸ್ತಿಲಾಚೆಯೇ ನಿಂತು, "ಬರಲಾ?" ಎಂದು ಕೇಳಿದರು. ಅತ್ತಿಗೆ ಅಡುಗೆಮನೆಯ ಹಲಗೆಯ ಹತ್ತಿರ ಹೋದರು. ಅದರ ತುಂಬ ನಾನು ಬರೆದಿದ್ದ ಲೆಕ್ಕಗಳಿದ್ದವು. ಮೇಲಿನ ಅರ್ಧವನ್ನು ಮಾತ್ರ ಒರೆಸಿ, ಬಟ್ಟೆಯನ್ನು ಹಿಂದಕ್ಕೆ ಚಾಚಿದರು. ಗುಬ್ಬಿಯಮ್ಮ ಒಳಗೆ ಬಂದು ಅದನ್ನು ತೆಗೆದುಕೊಂಡರು.

ಈಗ ಇಬ್ಬರೂ ಇಲ್ಲ. ಹಲಗೆ ಇದೆ. ಸಾಮಾನು ತರುವುದಿದ್ದರೆ ಬರೆದಿಡುತ್ತೇನೆ, ತಂದ ಮೇಲೆ ಒರೆಸುತ್ತೇನೆ. ನಾನೂ ಗಿಡ್ಡಿಯೇ, ಮೇಲಿನ ತುದಿಗೆ ಸ್ಟೂಲ್ ಬೇಕು. ಮೊಣಕಾಲು ನೋವಿನ ದಿನ ಅಷ್ಟನ್ನು ಹಾಗೆಯೇ ಬಿಡುತ್ತೇನೆ. ಅದು ಅತ್ತಿಗೆಯ ಪಾಲು.